ಹೆಸರು ಬೇಡ, ಊರು ಬೇಡ

ವಾರಪತ್ರಿಕೆಗಳಲ್ಲಿ ವೈದ್ಯರ ಪ್ರಶ್ನೋತ್ತರ ಅಂಕಣ ಜೋರಾಗಿ ನಡೆಯುತ್ತಿದ್ದ ಕಾಲವೊಂದಿತ್ತು. ಬಿಳಿಸೆರಗು, ಮಕ್ಕಳಾಗದ ಕೊರಗು, ಕತ್ತಿನ ಮೇಲೆ ಮೂಡಿದ ಬಿಳಿ ಮಚ್ಚೆ, ಮದುವೆಗೆ ಮುಂಚಿನ ಹೆದರಿಕೆ, ಹೀಗೆ ಮನೆಯವರ ಮುಂದೆ ಬಾಯಿ ಬಿಡಲಾಗದ್ದನ್ನೆಲ್ಲ ಜನ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಕಳಿಸುತ್ತಿದ್ದರು. ಸಹಿ ಇರಬೇಕಾದ ಜಾಗದಲ್ಲಿ ‘ಹೆಸರು ಬೇಡ, ಊರು ಬೇಡ’ ಎಂದಿರುತ್ತಿತ್ತು. ಸಂಪಾದಕರು ಅದನ್ನು ಹಾಗೇ ಅಚ್ಚು ಹಾಕುತ್ತಿದ್ದರು. ಲಕ್ಷಾಂತರ ಮಂದಿ ಓದಿದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

ಇವತ್ತು ಅದೇ ಪ್ರಶ್ನೆ ರಾತ್ರಿ ಹತ್ತೂವರೆಗೆ ಡಾಕ್ಟರ ವಾಟ್ಸಾಪಿಗೆ ಬರುತ್ತದೆ. ‘ಸರ್, ಫೋಟೊ ಕಳ್ಸಿದೀನಿ, ಸ್ವಲ್ಪ ನೋಡಿ ಸರ್.’ ಹೆಸರಿದೆ, ನಂಬರಿದೆ, ಡಿಪಿಯಲ್ಲಿ ಗಂಡ ಮಕ್ಕಳೊಂದಿಗೆ ಧರ್ಮಸ್ಥಳದಲ್ಲಿ ತೆಗೆಸಿಕೊಂಡ ಚಿತ್ರವಿದೆ. ಹಿಂದೆಯೇ ಲ್ಯಾಬ್ ರಿಪೋರ್ಟಿನ ಪಿಡಿಎಫ್, ಎರಡು ನಿಮಿಷದ ವಾಯ್ಸ್ ಮೆಸೇಜು. ಇಷ್ಟೆಲ್ಲ ತಲುಪುವುದು ಒಬ್ಬರಿಗೇ. ಆದರೂ ಆ ಗುಟ್ಟು ಹಳೆಯ ಪತ್ರಿಕೆಯ ಲಕ್ಷಾಂತರ ಓದುಗರ ನಡುವೆ ಇದ್ದಷ್ಟು ಕ್ಷೇಮವಾಗಿ ಇಲ್ಲಿಲ್ಲ.

ತಾಲ್ಲೂಕು ಕೇಂದ್ರವೊಂದರ ಸಾಮಾನ್ಯ ವೈದ್ಯರ ಮೊಬೈಲಿನಲ್ಲಿ ಏನೇನಿರುತ್ತದೆಂದು ಯೋಚಿಸಿ. ಮಗಳ ಹುಟ್ಟುಹಬ್ಬದ ಕೇಕಿನ ಪಕ್ಕದಲ್ಲೇ ಯಾರದೋ ತೊಡೆಯ ಹುಣ್ಣು. ಗೃಹಪ್ರವೇಶದ ಫೋಟೊಗಳ ನಡುವೆ ಎಚ್‌ಐವಿ ತಪಾಸಣೆಯ ಫಲಿತಾಂಶ. ಇಸಿಜಿ ಪಟ್ಟಿ, ಸ್ಕ್ಯಾನಿಂಗ್ ಫಿಲ್ಮು, ತಾಯಿ ಕಾರ್ಡಿನ ಒಳಪುಟ, ಆತ್ಮಹತ್ಯೆಯ ಯೋಚನೆ ಬರುತ್ತಿದೆಯೆಂದು ಒಬ್ಬ ಹುಡುಗ ನಡುರಾತ್ರಿ ಕಳಿಸಿದ ನಾಲ್ಕು ಸಾಲು. ಆಸ್ಪತ್ರೆಯ ದಾಖಲೆ ಕೋಣೆಗೆ ಬೀಗವಿದೆ, ರಿಜಿಸ್ಟರ್ ಇದೆ, ಕೇಸ್‌ಶೀಟ್ ತೆಗೆದುಕೊಂಡವರು ಸಹಿ ಹಾಕಬೇಕು. ಈ ದಾಖಲೆ ಕೋಣೆಯಾದರೋ ಪ್ಯಾಂಟಿನ ಜೇಬಿನಲ್ಲಿ ಓಡಾಡುತ್ತದೆ, ಹೋಟೆಲಿನ ಟೇಬಲ್ ಮೇಲೆ ಮಲಗುತ್ತದೆ, ಸಂಜೆಯಾದರೆ ಮಗನ ಕೈಯಲ್ಲಿ ಗೇಮ್ ಆಡುತ್ತದೆ.

ಹಾಗೆಂದು ಡಾಕ್ಟರರು ವಾಟ್ಸಾಪ್ ಮುಟ್ಟಲೇಬಾರದೆಂದು ಬೋಧಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಕಟ್ಟಿದ ವಾಟ್ಸಾಪ್ ಗುಂಪುಗಳ ಕಥೆ ಕರಾವಳಿ, ಮಲೆನಾಡುಗಳಲ್ಲಿ ಎಲ್ಲರಿಗೂ ಗೊತ್ತು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸುವುದು, ಎದೆನೋವೆಂದು ಬಂದವರ ಇಸಿಜಿ ಪಟ್ಟಿಯನ್ನು ಅಲ್ಲಿನ ವೈದ್ಯರು ಮೊಬೈಲಿನಲ್ಲಿ ಸೆರೆಹಿಡಿದು ಗುಂಪಿಗೆ ಹಾಕುವುದು, ಅದು ಹೃದಯಾಘಾತವೋ ಬರೀ ಗ್ಯಾಸ್ಟ್ರಿಕ್ಕೋ ಎಂದು ದೂರದ ತಜ್ಞರು ಕೆಲವೇ ನಿಮಿಷದಲ್ಲಿ ಹೇಳುವುದು. ಘಟ್ಟದ ದಾರಿಯಲ್ಲಿ ಆಂಬುಲೆನ್ಸ್ ಎರಡು ಗಂಟೆ ತೆಗೆದುಕೊಳ್ಳುವ ಊರಿನಲ್ಲಿ ಆ ಕೆಲವು ನಿಮಿಷಕ್ಕೆ ಒಂದು ಜೀವದ ಬೆಲೆಯಿದೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಕೂತಲ್ಲೇ ಓದುವ ಏರ್ಪಾಡನ್ನು ರಾಜ್ಯ ಸರ್ಕಾರವೂ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಮಾಡಿದೆ.

ಕಾನೂನಿನ ಒಪ್ಪಿಗೆಯೂ ಇದೆ. ಕೊರೊನಾ ಲಾಕ್‌ಡೌನ್ ಶುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸಾಪಿನಂಥ ಚಾಟ್ ವೇದಿಕೆಗಳನ್ನು ಹೆಸರು ಹೇಳಿಯೇ ಒಪ್ಪಿಕೊಂಡಿತು. ಕಳಿಸುವುದು ತಪ್ಪಲ್ಲ. ಕಳಿಸಿದ್ದು, ಬಂದದ್ದು ಆಮೇಲೆ ಎಲ್ಲಿ ಹೋಗಿ ಕೂರುತ್ತದೆಂಬುದನ್ನು ಯಾರೂ ನೋಡುವುದಿಲ್ಲ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ.

ಸೋರುವುದು ಎಲ್ಲಿ?

‘ವಾಟ್ಸಾಪ್ ಎನ್‌ಕ್ರಿಪ್ಟೆಡ್ ಅಲ್ವಾ?’ ಎಂಬುದು ವೈದ್ಯರ ಬಾಯಲ್ಲಿ ಬರುವ ಮೊದಲ ಸಮಾಧಾನ. ಹೌದು, 2016ರ ಏಪ್ರಿಲ್‌ನಿಂದ ಅದು ಈ ತುದಿಯಿಂದ ಆ ತುದಿಯವರೆಗೆ ಗೂಢಲಿಪಿಯಲ್ಲೇ ಸಾಗುತ್ತದೆ. ದಾರಿಯಲ್ಲಿ ಯಾರೂ ಓದಲಾಗದು. ಆದರೆ ಅರಗಿನ ಮುದ್ರೆ ಒತ್ತಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಲಕೋಟೆಯನ್ನು ಪಡೆದವರೇ ಒಡೆದು ಜಗಲಿಯ ಮೇಲೆ ಬಿಟ್ಟು ಒಳಗೆ ಹೋದರೆ ಅಂಚೆ ಇಲಾಖೆ ಏನು ಮಾಡಲು ಸಾಧ್ಯ?

ಫೋನಿಗೆ ಬಂದ ಚಿತ್ರ ತಾನಾಗಿ ಡೌನ್‌ಲೋಡ್ ಆಗುತ್ತದೆ, ಗ್ಯಾಲರಿಯಲ್ಲಿ ಕೂರುತ್ತದೆ. ಗೂಗಲ್ ಫೋಟೋಸ್‌ಗೆ ವಾಟ್ಸಾಪ್ ಫೋಲ್ಡರನ್ನೂ ಬ್ಯಾಕಪ್ ಮಾಡು ಎಂದು ಎಂದೋ ಒಮ್ಮೆ ಒಪ್ಪಿಗೆ ಕೊಟ್ಟಿದ್ದರೆ ಅಲ್ಲಿಂದ ಕ್ಲೌಡಿಗೆ ಏರುತ್ತದೆ. ಅದೇ ಖಾತೆ ಮನೆಯ ಟ್ಯಾಬ್ಲೆಟ್ಟಿನಲ್ಲೂ ಹಾಲಿನ ಸ್ಮಾರ್ಟ್ ಟಿವಿಯಲ್ಲೂ ಇರಬಹುದು. ಟಿವಿ ಸುಮ್ಮನಿರುವಾಗ ಹಳೆಯ ಫೋಟೊಗಳನ್ನು ಒಂದೊಂದಾಗಿ ತೋರಿಸುವ ಸೌಲಭ್ಯವೊಂದಿದೆ. ನೆಂಟರು ಕಾಫಿ ಕುಡಿಯುತ್ತ ಕೂತಿರುವಾಗ ಊಟಿ ಪ್ರವಾಸದ ಹಿಂದೆಯೇ ಯಾರದೋ ಆಪರೇಷನ್ ಗಾಯ ಪರದೆಯ ಮೇಲೆ ಬಂದರೆ ಯಾವ ಹ್ಯಾಕರನನ್ನು ಬೈಯುವುದು? ಚಾಟ್ ಬ್ಯಾಕಪ್ಪಿನದೂ ಇದೇ ಪಾಡು. ಅದನ್ನು ಗೂಢಲಿಪಿಯಲ್ಲಿ ಇಡುವ ಆಯ್ಕೆ 2021ರ ಅಕ್ಟೋಬರ್‌ನಲ್ಲಿ ಬಂದರೂ ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಒತ್ತಬೇಕು. ಒತ್ತಿದವರು ಎಷ್ಟು ಮಂದಿಯಿದ್ದಾರೆಂದು ನಿಮ್ಮ ಪರಿಚಯದ ವೈದ್ಯರನ್ನೇ ಕೇಳಿ ನೋಡಿ.

ಇನ್ನು ಲಾಕ್ ಆಗಿರುವ ಪರದೆ. ಫೋನ್ ಟೇಬಲ್ ಮೇಲಿದೆ, ಎದುರಿಗೆ ಬೇರೊಬ್ಬ ರೋಗಿ ಕೂತಿದ್ದಾರೆ. ಟಿಣ್ ಎಂದಿತು. ಕಳಿಸಿದವರ ಹೆಸರು, ಸಂದೇಶದ ಮೊದಲೆರಡು ಸಾಲು ಬೆಳಗಿ ಮಾಯವಾದವು. ಚಿಕ್ಕ ಊರಿನಲ್ಲಿ ಅಷ್ಟು ಸಾಕು. ಎದುರು ಕೂತವರು ಆ ಹೆಸರಿನವರ ಬೀಗರೇ ಆಗಿರಬಹುದು.

ರಿಸೆಪ್ಷನ್ನಿನ ಕಂಪ್ಯೂಟರ್ ಬೇರೆಯದೇ ಅಧ್ಯಾಯ. ರಿಪೋರ್ಟ್ ಪ್ರಿಂಟ್ ತೆಗೆಯಬೇಕೆಂದು ಯಾವತ್ತೋ ತೆರೆದ ವಾಟ್ಸಾಪ್ ವೆಬ್ ಇವತ್ತಿಗೂ ತೆರೆದೇ ಇರುತ್ತದೆ. ಡಾಕ್ಟರರು ಒಳಗೆ ರೋಗಿಯ ಜೊತೆ ಮಾತಾಡುತ್ತಿರುವಾಗ ಹೊರಗೆ ಕಾಂಪೌಂಡರ್, ಔಷಧ ಕಂಪನಿಯ ರೆಪ್, ಚೀಟಿ ಬರೆಯುವ ಹುಡುಗಿ ಎಲ್ಲರ ಕಣ್ಣೆದುರಿಗೂ ಅದೇ ಚಾಟ್ ಉರುಳುತ್ತಿರುತ್ತದೆ. ಒಂದು ಖಾತೆಗೆ ಇಂಥ ನಾಲ್ಕು ಸಾಧನಗಳನ್ನು ಜೋಡಿಸಬಹುದು. ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಒಮ್ಮೆ ಇಣುಕಿದರೆ ಯಾವ ಯಾವ ಕಂಪ್ಯೂಟರಿನಲ್ಲಿ ತಾವು ಇನ್ನೂ ಜೀವಂತವಾಗಿದ್ದೇವೆಂದು ಗೊತ್ತಾಗುತ್ತದೆ. ಬಿಟ್ಟುಬಂದ ಹಳೆಯ ಆಸ್ಪತ್ರೆಯ ಕಂಪ್ಯೂಟರ್ ಆ ಪಟ್ಟಿಯಲ್ಲಿದ್ದರೆ ಆಶ್ಚರ್ಯಪಡಬೇಡಿ.

ಹೆಸರು ಸೇವ್ ಮಾಡುವ ಅಭ್ಯಾಸವನ್ನೂ ನೋಡಿ. ನೂರಾರು ಮಂಜುನಾಥರು, ಲಕ್ಷ್ಮಿಯರು ಇರುವಾಗ ಗುರುತಿಗೊಂದು ಬಾಲ ಬೇಕಲ್ಲ. ‘ಮಂಜುನಾಥ ಟಿಬಿ’, ‘ಲಕ್ಷ್ಮಿ ಫಿಟ್ಸ್’ ಎಂದು ಬರೆದುಕೊಳ್ಳುತ್ತಾರೆ. ಕರೆ ಮಾಡಿದವರ ಹೆಸರು ತೋರಿಸುವ ಕೆಲವು ಆ್ಯಪ್‌ಗಳು ಬೇರೆಯವರ ಫೋನಿನ ಕಾಂಟ್ಯಾಕ್ಟ್ ಪಟ್ಟಿಯಿಂದಲೇ ಹೆಸರು ಹೆಕ್ಕುತ್ತವೆ. ಅಂಥ ಆ್ಯಪಿಗೆ ಅನುಮತಿ ಕೊಟ್ಟಿದ್ದರೆ ಮಂಜುನಾಥ ಹೆಣ್ಣು ನೋಡಲು ಹೋಗುವ ಮನೆಗೆ ಮೊದಲು ಫೋನ್ ಮಾಡಿದಾಗ ಅಲ್ಲಿ ಯಾವ ಹೆಸರು ಮೂಡೀತು?

ಸಂಪರ್ಕಗಳ ಜಾಲ ಎಷ್ಟು ದೂರ ಎಳೆಯುತ್ತದೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. 2016ರಲ್ಲಿ ಪತ್ರಕರ್ತೆ ಕಶ್ಮೀರ್ ಹಿಲ್ ಅದನ್ನು ವರದಿ ಮಾಡಿದರು. ಮನೋವೈದ್ಯೆಯೊಬ್ಬರ ರೋಗಿಗಳಿಗೆ ಫೇಸ್‌ಬುಕ್ ‘ಇವರು ನಿಮಗೆ ಗೊತ್ತಿರಬಹುದು’ ಎಂದು ಅದೇ ವೈದ್ಯೆಯ ಇತರ ರೋಗಿಗಳನ್ನು ತೋರಿಸತೊಡಗಿತ್ತು. ವೈದ್ಯೆ ಯಾರ ಹೆಸರನ್ನೂ ಯಾರಿಗೂ ಹೇಳಿರಲಿಲ್ಲ. ಎಲ್ಲರ ಫೋನಿನಲ್ಲೂ ಅವರ ನಂಬರ್ ಇತ್ತೆಂಬುದೇ ಕೊಂಡಿಯಾಗಿರಬಹುದು ಎಂಬುದು ಅನುಮಾನ. ಆಪ್ತಸಮಾಲೋಚಕರು, ಮನೋವೈದ್ಯರು ತಮ್ಮ ಸ್ವಂತ ನಂಬರನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೆ ಜೋಡಿಸದೇ ಇರುವುದಕ್ಕೆ ಇದೊಂದೇ ಕಾರಣ ಸಾಕು.

ಕ್ಯಾಮೆರಾ ಬಿಟ್ಟು ಸ್ಕ್ಯಾನರ್ ಆ್ಯಪ್ ಬಳಸುವವರೂ ನಿಶ್ಚಿಂತರಾಗುವಂತಿಲ್ಲ. ಡಿಸ್ಚಾರ್ಜ್ ಸಮ್ಮರಿಗಳನ್ನು ಪಿಡಿಎಫ್ ಮಾಡಲು ಒಂದು ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರಿನ ಆಂಡ್ರಾಯ್ಡ್ ಆವೃತ್ತಿಯಲ್ಲಿ, ಜಾಹೀರಾತಿನ ತುಣುಕಿನೊಳಗೆ ಕುತಂತ್ರಾಂಶ ಅಡಗಿರುವುದನ್ನು 2019ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಪತ್ತೆಹಚ್ಚಿತು. ಮರುವರ್ಷ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಈಗ ಆ ಜಾಗಕ್ಕೆ ಪುಕ್ಕಟೆ ಎಐ ಆ್ಯಪ್‌ಗಳು ಬಂದಿವೆ. ರಿಪೋರ್ಟನ್ನು ಹೆಸರು ಸಮೇತ ಅದರೊಳಗೆ ಸುರಿದು ‘ಇದರ ಸಾರಾಂಶ ಹೇಳು’ ಎನ್ನುವ ಕಿರಿಯ ವೈದ್ಯರಿಗೆ ಆ ರಿಪೋರ್ಟ್ ಯಾವ ದೇಶದ ಸರ್ವರಿನಲ್ಲಿ ಕೂತಿದೆಯೆಂದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಪುರುಸೊತ್ತೂ ಇಲ್ಲ.

ಮುಖ ಮುಚ್ಚಿದರೂ ಹಚ್ಚೆ ಕಾಣುತ್ತದೆ

ವೈದ್ಯರ ಬ್ಯಾಚ್ ಗುಂಪುಗಳಲ್ಲಿ ‘ಇಂಟರೆಸ್ಟಿಂಗ್ ಕೇಸ್’ ಎಂಬ ತಲೆಬರಹದೊಂದಿಗೆ ದಿನವೂ ಚಿತ್ರಗಳು ಬೀಳುತ್ತವೆ. ಉದ್ದೇಶ ಒಳ್ಳೆಯದೇ, ಅಪರೂಪದ ಕಾಯಿಲೆಯನ್ನು ನಾಲ್ಕು ಮಂದಿ ಕಲಿಯಲೆಂದು. ಕಣ್ಣಿನ ಮೇಲೆ ಒಂದು ಕಪ್ಪು ಪಟ್ಟಿ ಎಳೆದರೆ ಗುರುತು ಅಳಿಯಿತೆಂಬ ನಂಬಿಕೆ. ಎಕ್ಸ್‌ರೇ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್ ಹಾಗೇ ಇರುತ್ತದೆ. ಇಸಿಜಿಯ ತಲೆಯ ಮೇಲೂ ಅಷ್ಟೇ. ಫೋನಿನ ಹೈಲೈಟರಿನಲ್ಲಿ ಹೆಸರನ್ನು ಬಳಿದವರ ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಮೇಲೆದ್ದು ಬರುತ್ತದೆ. ಬಳಿಯುವುದಕ್ಕಿಂತ ಆ ಮೂಲೆಯನ್ನೇ ಹೊರಗಿಟ್ಟು ಫೋಟೊ ತೆಗೆಯುವುದು ಜಾಣತನ. ಇನ್ನೊಂದು ಮಾತು: ಫೋಟೊದೊಳಗೆ ಅದನ್ನು ತೆಗೆದ ಜಾಗ, ಹೊತ್ತು ಅಡಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ. ಸ್ಪಷ್ಟವಾಗಿ ಕಾಣಲೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಜೊತೆಗೇ ಹೋಗುತ್ತದೆ.

ಆದರೆ ನಮ್ಮ ಊರುಗಳ ಮಟ್ಟಿಗೆ ಹೆಸರು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುಂಗೈ ಹಚ್ಚೆ, ಕೊರಳಿನ ತಾಳಿಯ ಮಾದರಿ, ಸೀರೆಯ ಅಂಚು, ಸುಟ್ಟ ಹಳೆಯ ಗಾಯ ಇವೆಲ್ಲ ಊರಿನವರಿಗೆ ಆಧಾರ್ ಕಾರ್ಡಿಗಿಂತ ನಿಖರ. ‘ಇಪ್ಪತ್ತಮೂರರ ಗರ್ಭಿಣಿ, ಇಂಥ ಹೋಬಳಿ, ಎರಡನೇ ಹೆರಿಗೆ, ಗಂಡ ದುಬೈನಲ್ಲಿ’ ಎಂದು ಹೆಸರಿಲ್ಲದೆ ಬರೆದರೂ ಆ ಹೋಬಳಿಯಲ್ಲಿ ಹೆಸರು ಹೇಳಿದಂತೆಯೇ. ಬೆಂಗಳೂರಿನಲ್ಲಿ ಕೂತು ಮಾಡಿದ ಗೋಪ್ಯತೆಯ ನಿಯಮಗಳು ಹೀಗೆ ಹಳ್ಳಿಯಲ್ಲಿ ಸೋಲುತ್ತವೆ. ನಗರದಲ್ಲಿ ರೋಗಿಯನ್ನು ಕಾಪಾಡುವುದು ಅಪರಿಚಿತತೆ. ಹಳ್ಳಿಯಲ್ಲಿ ಅದಿಲ್ಲವಾದ್ದರಿಂದ ವೈದ್ಯರ ಬಿಗಿಬಾಯಿಯೊಂದೇ ಕಾವಲು.

ಫೋಟೊ ಹಾಕಿ, ಫೋಟೊ ಹಾಕಿ

ಎಲ್ಲ ಹೊರೆಯನ್ನೂ ವೈದ್ಯರ ತಲೆಗೆ ಕಟ್ಟುವುದು ಅನ್ಯಾಯ. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದಕ್ಕೆ ಫೋಟೊವೇ ಸಾಕ್ಷಿ ಎಂಬ ಪದ್ಧತಿ ಬೇರುಬಿಟ್ಟಿದೆ. ಮೇಲಿನವರು ಗ್ರೂಪಿನಲ್ಲಿ ‘ಫೋಟೊ ಹಾಕಿ’ ಎಂದರೆ ಆಶಾ ಕಾರ್ಯಕರ್ತೆ ಬಾಣಂತಿಯ ಮನೆ ಬಾಗಿಲಲ್ಲಿ ನಿಂತು, ‘ಅಕ್ಕಾ, ಒಂದ್ ಫೋಟೊ ತಗೋತೀನಿ, ಗ್ರೂಪಿಗೆ ಹಾಕ್ಬೇಕು’ ಎನ್ನಲೇಬೇಕು. ಆಕೆಯ ಫೋನ್ ಸ್ವಂತದ್ದು, ಮನೆಯವರೂ ಬಳಸುವಂಥದ್ದು. ಆಕೆಯ ಗೌರವಧನದ ಲೆಕ್ಕ ಆ ಫೋಟೊಗಳ ಮೇಲೆ ನಿಂತಿರುವಾಗ ಗೋಪ್ಯತೆಯ ಪಾಠವನ್ನು ಮೊದಲು ಆಕೆಗೆ ಹೇಳಹೊರಡುವುದು ತಮಾಷೆಯೇ ಸರಿ.

ಕ್ಷಯದ ವಿಷಯ ನೋಡಿ. ರೋಗಿಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುವ ದಾನಿಗಳನ್ನು ‘ನಿಕ್ಷಯ್ ಮಿತ್ರ’ರೆಂದು ಗುರುತಿಸುವ ಕಾರ್ಯಕ್ರಮ 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಹೊಟ್ಟೆಗೆ ಸಿಕ್ಕಿದರೆ ಔಷಧಿ ಹಿಡಿಯುತ್ತದೆ, ಕಾರ್ಯಕ್ರಮ ಒಳ್ಳೆಯದೇ. ಆದರೆ ಕಿಟ್ ಹಂಚುವ ಸಮಾರಂಭ ಹೇಗಿರುತ್ತದೆ? ಬ್ಯಾನರ್, ಶಾಲು ಹೊದ್ದ ಗಣ್ಯರು, ಸಾಲಾಗಿ ನಿಂತ ರೋಗಿಗಳು, ಕ್ಯಾಮೆರಾ. ಟಿಬಿ ಎಂದರೆ ಇವತ್ತಿಗೂ ತಟ್ಟೆಲೋಟ ಬೇರೆ ಇಡುವ ಮನೆಗಳಿವೆ, ಮುರಿದುಬೀಳುವ ಸಂಬಂಧಗಳಿವೆ. ಅಂಥವರ ಮುಖವನ್ನು ಬ್ಯಾನರಿನ ಕೆಳಗೆ ನಿಲ್ಲಿಸಿ ಗುಂಪುಗಳಿಗೆ ಹಂಚುವಾಗ ಯಾರಿಗೂ ಕೈ ನಡುಗುವುದಿಲ್ಲ. ಕಿಟ್ ತೆಗೆದುಕೊಳ್ಳುವವನಿಗೆ ಬೇಡವೆನ್ನುವ ಧೈರ್ಯವೆಲ್ಲಿರುತ್ತದೆ?

2020ರ ಮಾರ್ಚನ್ನು ಮರೆತಿಲ್ಲ ತಾನೆ? ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ಅದು ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಊರೆಲ್ಲ ಸುತ್ತಿತು. ಕೈಗೆ ಮುದ್ರೆ, ಬಾಗಿಲಿಗೆ ಚೀಟಿ. ಅದೇ ತಿಂಗಳ ಕೊನೆಗೆ, ಮನೆಯಲ್ಲೇ ಇದ್ದೇವೆಂದು ತೋರಿಸಲು ಗಂಟೆಗೊಂದು ಸೆಲ್ಫಿಯನ್ನು ಆ್ಯಪಿನಲ್ಲಿ ಕಳಿಸಬೇಕೆಂಬ ಆದೇಶವೂ ಬಂತು. ಸೋಂಕು ತಡೆಯುವ ತುರ್ತು ನಿಜವಾಗಿತ್ತು. ಆದರೆ ಯಾರ ಮನೆಯಲ್ಲಿ ಯಾರಿದ್ದಾರೆಂದು ಆರೋಗ್ಯ ಕಾರ್ಯಕರ್ತರಿಗೆ ತಿಳಿಯುವುದು ಬೇರೆ, ಪಕ್ಕದ ಮನೆಯವರಿಗೆ ಪಿಡಿಎಫ್ ಸಿಗುವುದು ಬೇರೆ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಅದರ ಪಕ್ಕದಲ್ಲಿ 2024ರ ಫೆಬ್ರುವರಿಯ ಎರಡು ಸುದ್ದಿಗಳನ್ನು ಇಟ್ಟು ನೋಡಬೇಕು. ಗದಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರೀಲ್ಸ್ ಮಾಡಿದರೆಂದು 38 ವಿದ್ಯಾರ್ಥಿಗಳ ಮೇಲೆ ಕ್ರಮವಾಯಿತು. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮದುವೆ ಪೂರ್ವ ಫೋಟೊಶೂಟ್ ಮಾಡಿಸಿದ ಗುತ್ತಿಗೆ ವೈದ್ಯರನ್ನು ವಜಾ ಮಾಡಲಾಯಿತು. ಎರಡೂ ಅತಿರೇಕಗಳೇ, ಶಿಕ್ಷೆ ತಪ್ಪೆನ್ನಲಾರೆ. ಆದರೆ ಭರಮಸಾಗರದ ವಿಡಿಯೊದಲ್ಲಿ ಮೇಜಿನ ಮೇಲೆ ಮಲಗಿದ್ದವನು ರೋಗಿಯೇ ಅಲ್ಲ, ನಟಿಸುತ್ತಿದ್ದವನು. ಯಾವ ರೋಗಿಯ ಗುಟ್ಟೂ ಬಯಲಾಗದ ಕಡೆ ಇಡೀ ನಾಡು ಬೊಬ್ಬೆ ಹೊಡೆಯಿತು. ದಿನನಿತ್ಯ ನೂರಾರು ನಿಜವಾದ ರೋಗಿಗಳ ಮುಖ ಇಲಾಖೆಯ ಗುಂಪುಗಳಲ್ಲಿ ಓಡಾಡುವುದು ಯಾರಿಗೂ ಸುದ್ದಿಯಲ್ಲ.

ಹೊರದೇಶದಲ್ಲಿ ಇದು ಸುದ್ದಿಯಾಗುತ್ತದೆ. ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರಿನ ಸರ್ಕಾರಿ ಆರೋಗ್ಯ ಮಂಡಳಿಯ 26 ಸಿಬ್ಬಂದಿ 2020ರಿಂದ 2022ರವರೆಗೆ ಒಂದು ವಾಟ್ಸಾಪ್ ಗುಂಪಿನಲ್ಲಿ ರೋಗಿಗಳ ಹೆಸರು, ಫೋನ್ ನಂಬರ್, ವಿಳಾಸಗಳನ್ನು 500ಕ್ಕೂ ಹೆಚ್ಚು ಬಾರಿ ಹಂಚಿಕೊಂಡಿದ್ದರು. ನಡುವೆ ಸಂಬಂಧವೇ ಇಲ್ಲದ ಹೊರಗಿನವರೊಬ್ಬರು ತಪ್ಪಿ ಆ ಗುಂಪಿಗೆ ಸೇರಿಬಿಟ್ಟಿದ್ದರು. 2023ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ಛೀಮಾರಿ ಹಾಕಿದ್ದು ಆ 26 ಮಂದಿಗಲ್ಲ, ಮಂಡಳಿಗೆ. ಕೊರೊನಾ ಕಾಲದಲ್ಲಿ ಸಿಬ್ಬಂದಿಯ ಫೋನಿಗೆ ವಾಟ್ಸಾಪ್ ಕೊಟ್ಟಿರಿ, ಅದರಲ್ಲಿ ರೋಗಿಯ ಮಾಹಿತಿ ಹರಿದರೆ ಏನಾದೀತೆಂದು ಯಾಕೆ ಯೋಚಿಸಲಿಲ್ಲ ಎಂಬುದು ಅವರ ಪ್ರಶ್ನೆ. ನಮ್ಮಲ್ಲೂ ಪ್ರಶ್ನೆ ಹೋಗಬೇಕಾದ ವಿಳಾಸ ಇದೇ.

ಕಾನೂನು ಏನನ್ನುತ್ತದೆ

ರೋಗಿಯ ಮನೆಯೊಳಗೆ ಕಂಡದ್ದನ್ನು ಹೊರಗೆ ಆಡಬಾರದೆಂಬ ಕಟ್ಟಳೆ ಚರಕ ಸಂಹಿತೆಯ ವಿಮಾನಸ್ಥಾನದಲ್ಲೇ ಇದೆ. ಈಗಿನದಕ್ಕೆ ಬಂದರೆ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಅರ್ಜಿ ಹಾಕಿದ್ದು ಎಂಬತ್ತರ ಹರೆಯ ದಾಟಿದ ಮೇಲೆ.

2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ವೈದ್ಯರು ರೋಗಿಯ ಗುಟ್ಟನ್ನು ಬಿಚ್ಚಬಹುದಾದ ಸಂದರ್ಭಗಳು ಬೆರಳೆಣಿಕೆಯವು: ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. 1998ರಲ್ಲಿ ಸುಪ್ರೀಂ ಕೋರ್ಟ್, ಎಚ್‌ಐವಿ ಇದ್ದ ವ್ಯಕ್ತಿಯ ವಿಷಯ ಮದುವೆಯಾಗಬೇಕಿದ್ದ ಹೆಣ್ಣಿನ ಕಡೆಗೆ ತಿಳಿದದ್ದನ್ನು ತಪ್ಪೆನ್ನಲಿಲ್ಲ. ಆಕೆಯ ಜೀವದ ಹಕ್ಕೂ ಇದೆ ಎಂದಿತು. ಆದರೆ ‘ಇಂಟರೆಸ್ಟಿಂಗ್ ಕೇಸ್’ ಈ ಯಾವ ವಿನಾಯಿತಿಯಲ್ಲೂ ಬರುವುದಿಲ್ಲ. ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಗುರುತು ಬಿಟ್ಟುಕೊಟ್ಟರೆ 2021ರ ತಿದ್ದುಪಡಿಯ ಪ್ರಕಾರ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಎಚ್‌ಐವಿ ಮತ್ತು ಮಾನಸಿಕ ಆರೋಗ್ಯದ 2017ರ ಕಾಯ್ದೆಗಳಲ್ಲೂ ಗೋಪ್ಯತೆಯ ಪ್ರತ್ಯೇಕ ಕಲಮುಗಳಿವೆ. ಸಾಮಾಜಿಕ ಜಾಲತಾಣದಲ್ಲಿ ವೈದ್ಯರು ಹೇಗಿರಬೇಕೆಂದು ಬಿಡಿಸಿ ಹೇಳಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಮಾತ್ರ ಬಂದ ತಿಂಗಳಲ್ಲೇ ತಡೆಗೆ ಒಳಗಾದವು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು. ಸುರಕ್ಷತಾ ಕ್ರಮಗಳಲ್ಲಿ ಲೋಪವಾದರೆ ಗರಿಷ್ಠ ದಂಡ 250 ಕೋಟಿ ರೂಪಾಯಿ. ಈ ಮೊತ್ತ ಹೇಳಿ ವೈದ್ಯರನ್ನು ಹೆದರಿಸುವ ಸಾಫ್ಟ್‌ವೇರ್ ಮಾರಾಟಗಾರರು ಊರೂರಲ್ಲಿ ಹುಟ್ಟಿಕೊಂಡಿದ್ದಾರೆ. ನನಗೆ ಹೆಚ್ಚು ಚುಚ್ಚುವುದು ಬೇರೆ ಸಂಗತಿ. ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿ ಎಂದು 2011ರ ಐಟಿ ನಿಯಮಗಳಲ್ಲಿ ಪ್ರತ್ಯೇಕವಾಗಿ ಹೇಳಿತ್ತು. ಹೊಸ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಅದರ ಕಣ್ಣಿನಲ್ಲಿ ನಿಮ್ಮ ಎಚ್‌ಐವಿ ರಿಪೋರ್ಟೂ ಪಿಜ್ಜಾ ತರಿಸಿದ ವಿಳಾಸವೂ ಒಂದೇ ತೂಕ.

ಜೊತೆಗೆ ಒಂದು ಇಕ್ಕಟ್ಟೂ ಇದೆ. ಫೋನಿನಿಂದ ಎಲ್ಲವನ್ನೂ ಅಳಿಸಿಬಿಡಿ ಎಂದು ಸಲಹೆ ಕೊಡುವುದು ಸುಲಭ. ಆದರೆ ಟೆಲಿಮೆಡಿಸಿನ್ ಮಾರ್ಗಸೂಚಿ ಸಮಾಲೋಚನೆಯ ದಾಖಲೆ ಇಡಲೇಬೇಕು ಎನ್ನುತ್ತದೆ. ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ಸಂಹಿತೆ. ಅಳಿಸಿದರೆ ದಾಖಲೆ ಹೋಯಿತು, ಉಳಿಸಿದರೆ ಗುಟ್ಟು ಹೋಯಿತು. ಏಳು ದಿನಕ್ಕೆ ತಾನಾಗಿ ಮಾಯವಾಗುವ ಸಂದೇಶದ ಆಯ್ಕೆ ಒತ್ತಿ ನಿರಾಳವಾಗುವ ವೈದ್ಯರು ನಾಳೆ ಗ್ರಾಹಕ ಆಯೋಗದ ಮುಂದೆ ತಮ್ಮದೇ ಸಲಹೆಗೆ ಸಾಕ್ಷಿ ಇಲ್ಲದೆ ನಿಲ್ಲಬಹುದು. ದಾರಿಯಿರುವುದು ಒಂದೇ. ಫೋನ್ ಬರೀ ಹೊಸಿಲು, ಮನೆಯಲ್ಲ ಎಂದುಕೊಂಡು ದಿನದ ಕೊನೆಗೆ ಬೇಕಾದ್ದನ್ನು ಕೇಸ್‌ಶೀಟಿಗೋ ಕ್ಲಿನಿಕ್ಕಿನ ಕಂಪ್ಯೂಟರಿಗೋ ಸೇರಿಸಬೇಕು, ಆಮೇಲೆ ಫೋನಿನಿಂದಲೂ ಕ್ಲೌಡಿನಿಂದಲೂ ತೆಗೆಯಬೇಕು. ಗೂಗಲ್ ಫೋಟೋಸ್‌ನ ಕಸದಬುಟ್ಟಿಯಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ ಇರುತ್ತದೆಂಬುದು ನೆನಪಿರಲಿ.

ಫೋನೇ ಕೈತಪ್ಪಿದರೆ

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರುಗಳನ್ನು ಸೈಬರ್ ದಾಳಿಕೋರರು ಕಟ್ಟಿಹಾಕಿದಾಗ ಅಷ್ಟು ದೊಡ್ಡ ಆಸ್ಪತ್ರೆಯೂ ದಿನಗಟ್ಟಲೆ ಕೈಬರಹದ ಚೀಟಿಗೆ ಮರಳಿತು. ಸಣ್ಣ ಊರಿನ ವೈದ್ಯರಿಗೆ ಅಂಥ ದಾಳಿಯ ಭಯ ಕಡಿಮೆ. ಅವರ ಫೋನಿಗೆ ಬರುವುದು ಮದುವೆ ಕರೆಯೋಲೆಯ ವೇಷದ ಎಪಿಕೆ ಫೈಲು, ಟ್ರಾಫಿಕ್ ದಂಡದ ಹೆಸರಿನ ಇನ್ನೊಂದು ಫೈಲು, ‘ಕೊರಿಯರ್ ಬಂದಿದೆ, ಈ ಕೋಡ್ ಒತ್ತಿ’ ಎನ್ನುವ ಕರೆ. 2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ದಂಪತಿಯ ಫೋನ್ ಹ್ಯಾಕ್ ಆದದ್ದು ಇಂಥದೊಂದು ಕೋಡ್ ಒತ್ತಿದ್ದರಿಂದ. ಸ್ಟಾರ್, ಹ್ಯಾಷ್ ಸೇರಿದ ಅಂಥ ಕೋಡ್‌ಗಳು ನಿಮ್ಮ ಕರೆಗಳನ್ನು ವಂಚಕರ ನಂಬರಿಗೆ ತಿರುಗಿಸಬಲ್ಲವು. ವಾಟ್ಸಾಪಿನ ಆರಂಕಿಯ ಗುಟ್ಟನ್ನು ಕರೆಯ ಮೂಲಕ ಕೇಳಿಸಿಕೊಂಡು ಅವರು ಖಾತೆಯನ್ನೇ ವಶಪಡಿಸಿಕೊಳ್ಳುತ್ತಾರೆ. ಡಾಕ್ಟರ ಖಾತೆಯಾದರೆ ಹಾನಿ ಇಮ್ಮಡಿ. ‘ತುರ್ತಾಗಿ ಹಣ ಬೇಕಿತ್ತು’ ಎಂದು ಡಾಕ್ಟರ ಹೆಸರಿನಲ್ಲಿ ಬಂದ ಸಂದೇಶವನ್ನು ನಂಬದ ರೋಗಿ ಯಾರು? ವಾಟ್ಸಾಪಿನ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಟ್ಟರೆ ಈ ಕಳ್ಳದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಕರೆಗಳು ಬೇರೆಡೆ ತಿರುಗಿವೆಯೆಂಬ ಅನುಮಾನವಿದ್ದರೆ ##002# ಒತ್ತಿ ರದ್ದು ಮಾಡಬಹುದು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು.

ಫೋನ್ ಕಳೆದುಹೋದರೆ ಮೊದಲು ಕಾಪಾಡುವುದು ಲಾಕ್ ಪಿನ್. ಇತ್ತೀಚಿನ ಫೋನುಗಳಲ್ಲಿ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಆ ಪಿನ್‌ಗೆ ಬಿಗಿದಿರುತ್ತದೆ. ನಾಲ್ಕಂಕಿಯಾದರೆ ಹತ್ತು ಸಾವಿರ ಸಾಧ್ಯತೆ, ಆರಂಕಿಯಾದರೆ ಹತ್ತು ಲಕ್ಷ. ಹುಟ್ಟಿದ ಇಸವಿಯನ್ನೇ ಪಿನ್ ಮಾಡಿಕೊಂಡರೆ ಒಂದೇ ಸಾಧ್ಯತೆ. 2023ರಿಂದ ದೇಶದಾದ್ಯಂತ ಇರುವ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಕಳೆದ ಫೋನಿನ ಐಎಂಇಐ ಸಂಖ್ಯೆ ಕೊಟ್ಟು ಅದನ್ನು ನಿರ್ಬಂಧಿಸಬಹುದು. ರಿಪೇರಿ ಅಂಗಡಿಯ ಹುಡುಗ ‘ಪ್ಯಾಟರ್ನ್ ಹೇಳಿ ಸಾರ್’ ಎಂದ ಕೂಡಲೇ ಹೇಳಿಬಿಡುವವರು ಸ್ಯಾಮ್ಸಂಗ್, ಪಿಕ್ಸೆಲ್ ಮುಂತಾದ ಫೋನುಗಳಲ್ಲಿ ರಿಪೇರಿಗೆಂದೇ ಇರುವ ಮೋಡ್ ಬಳಸಿದರೆ ಹುಡುಗನಿಗೆ ಪರದೆ ಕಾಣುತ್ತದೆ, ರೋಗಿಗಳು ಕಾಣುವುದಿಲ್ಲ.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಕ್ಲಿನಿಕ್ಕಿಗೆ ಬೇರೆಯೇ ಒಂದು ಸಾಧಾರಣ ಫೋನ್, ಬೇರೆ ನಂಬರ್. ಸ್ವಂತ ಫೋನಿಗೆ ಎರಡನೇ ಸಿಮ್ ಹಾಕಿದರೆ ಗ್ಯಾಲರಿ ಒಂದೇ ಆಗಿ ಉಳಿಯುತ್ತದೆ. ಆ ಫೋನಿನಲ್ಲಿ ಮೀಡಿಯಾ ಗ್ಯಾಲರಿಗೆ ಹೋಗದಂತೆ, ಲಾಕ್ ಪರದೆಯಲ್ಲಿ ಸಂದೇಶ ಕಾಣದಂತೆ ಸೆಟ್ಟಿಂಗ್ ಬದಲಿಸಲು ಹತ್ತು ನಿಮಿಷ ಬೇಕು. ಅದಕ್ಕಿಂತ ಮುಖ್ಯವಾದದ್ದು ಫೋಟೊ ತೆಗೆಯುವ ಮುಂಚೆ ಒಂದು ಮಾತು: ‘ಅಮ್ಮಾ, ಇದನ್ನ ಮೈಸೂರಿನ ಚರ್ಮದ ಡಾಕ್ಟರಿಗೆ ತೋರಿಸಿ ಕೇಳ್ತೀನಿ, ಮುಖ ಬರಲ್ಲ, ಆಗಬಹುದಾ?’ ತಲೆಯಾಡಿಸಿದರೆ ಕೇಸ್‌ಶೀಟಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ದೊಡ್ಡ ಆಸ್ಪತ್ರೆಗಳು ಮಾತ್ರ ಇಷ್ಟಕ್ಕೆ ಕೈತೊಳೆದುಕೊಳ್ಳುವಂತಿಲ್ಲ. ಕಿರಿಯ ವೈದ್ಯರು ರಾತ್ರಿಪಾಳಿಯಲ್ಲಿ ಸ್ವಂತ ಫೋನಿನಿಂದ ಹಿರಿಯರಿಗೆ ಸಿಟಿ ಫಿಲ್ಮು ಕಳಿಸುವುದು ಬೇರೆ ದಾರಿ ಕೊಡದ ಕಾರಣಕ್ಕೆ. ದಾರಿ ಕೊಡದೆ ಸುತ್ತೋಲೆ ಮಾತ್ರ ಹೊರಡಿಸುವ ಆಡಳಿತ ಮಂಡಳಿ ತನ್ನ ಬೆನ್ನು ಕಾಯ್ದುಕೊಳ್ಳುತ್ತಿದೆಯೇ ಹೊರತು ರೋಗಿಯನ್ನಲ್ಲ. ಆರೋಗ್ಯ ಇಲಾಖೆಯೂ ಮುಖವಿರುವ ಫೋಟೊವನ್ನು ಸಾಕ್ಷಿಯಾಗಿ ಕೇಳುವುದಿಲ್ಲವೆಂದು ಒಂದು ಪುಟದ ಆದೇಶ ಹೊರಡಿಸಿದರೆ ಆಶಾಗಳಿಗೂ ರೋಗಿಗಳಿಗೂ ಒಟ್ಟಿಗೆ ಉಪಕಾರವಾಗುತ್ತದೆ.

ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಅನ್ವಯಿಸುವ ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವಿದೆ, ಅಂದರೆ 2027ರ ಮೇ. ಡಾಕ್ಟರರೇ, ಅಲ್ಲಿಯವರೆಗೆ ಕಾಯಬೇಡಿ. ಇವತ್ತು ಭಾನುವಾರ, ಓಪಿಡಿ ಇಲ್ಲ. ಗ್ಯಾಲರಿ ತೆರೆದು, ಅದರಲ್ಲಿರುವ ಯಾವ ಚಿತ್ರ ನಿಮ್ಮ ಮನೆಯದಲ್ಲವೋ ಅದನ್ನು ಇರಬೇಕಾದ ಜಾಗಕ್ಕೆ ಸೇರಿಸಿ.